ಜೇನು ಸಾಕಾಣಿಕೆ: ಪೆಟ್ಟಿಗೆ ಕೊಳ್ಳುವ ಮೊದಲು ಹೂವಿನ ಲೆಕ್ಕ

ರಾಸಾಯನಿಕಗಳನ್ನು ಬಳಸದೆ ಜೇನು ಸಾಕಿ, ಅದನ್ನೇ ಸಣ್ಣ ಉದ್ಯೋಗವಾಗಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರು ಈಚೆಗೆ ಅನೇಕ ಪತ್ರಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಆಯ್ದು, ಸಂಕ್ಷೇಪಿಸಿ, ಇಲ್ಲಿ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮಾನ್ಯರೇ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನಲ್ಲಿ ನಮಗೆ ಮೂರು ಎಕರೆ ಜಮೀನಿದೆ. ಎರಡು ಎಕರೆಯಲ್ಲಿ ಕಬ್ಬು, ಉಳಿದುದರಲ್ಲಿ ತೆಂಗು ಮತ್ತು ಮನೆ ಬಳಕೆಯ ತರಕಾರಿ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿರುವ ನಾನು ಇಪ್ಪತ್ತು ಪೆಟ್ಟಿಗೆ ಇಟ್ಟು, ಯಾವ ಔಷಧಿಯನ್ನೂ ಬಳಸದೆ ಜೇನುತುಪ್ಪ ತೆಗೆದು ಮಾರಬೇಕೆಂದಿದ್ದೇನೆ. ಪೆಟ್ಟಿಗೆ ಮಾರುವವರೊಬ್ಬರು ‘ನಮ್ಮ ನಾಡಿನ ತುಡುವೆ ಜೇನು ಬೇಡ, ವಿದೇಶಿ ತಳಿಯ ಮೆಲ್ಲಿಫೆರಾ ಇಡಿ, ಪೆಟ್ಟಿಗೆಗೆ ವರ್ಷಕ್ಕೆ ಮೂವತ್ತು ಕಿಲೋ ಗ್ಯಾರಂಟಿ’ ಎನ್ನುತ್ತಾರೆ. ಏನು ಮಾಡಲಿ?
— ಯುವ ಕೃಷಿಕರು, ಮಂಡ್ಯ ತಾಲ್ಲೂಕು

ಉತ್ತರ: ತಮ್ಮ ಪತ್ರದಲ್ಲಿ ಪೆಟ್ಟಿಗೆಗಳ ಸಂಖ್ಯೆ ಇದೆ, ಜಮೀನಿನ ವಿಸ್ತೀರ್ಣ ಇದೆ, ಸುತ್ತಮುತ್ತ ಯಾವ ತಿಂಗಳಲ್ಲಿ ಏನು ಹೂ ಬಿಡುತ್ತದೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಯಾವ ತಳಿ, ಎಷ್ಟು ಪೆಟ್ಟಿಗೆ, ಔಷಧಿಯಿಲ್ಲದೆ ನಡೆಸಬಹುದೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಆ ಸಾಲಿನಲ್ಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸೋಣ.

ತುಡುವೆ ನೊಣಗಳು ಮೇವಿಗಾಗಿ ಸಾಮಾನ್ಯವಾಗಿ ಗೂಡಿನಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಹಾರಾಡುತ್ತವೆ. ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಒಂದು ಕಿಲೋಮೀಟರಿನ ವೃತ್ತ ಎಳೆದರೆ ಅದರೊಳಗೆ ಸುಮಾರು 775 ಎಕರೆ ಸೇರುತ್ತದೆ. ತಮ್ಮ ಮೂರು ಎಕರೆಯಲ್ಲಿ ತಾವು ಏನು ಬೆಳೆಯುತ್ತೀರಿ ಎಂಬುದಕ್ಕಿಂತ ಆ 775 ಎಕರೆಯಲ್ಲಿ ಊರಿನವರೆಲ್ಲ ಏನು ಬೆಳೆಯುತ್ತಾರೆ, ಬದುವಿನಲ್ಲಿ ಏನು ಉಳಿಸಿದ್ದಾರೆ, ಯಾವಾಗ ಔಷಧಿ ಹೊಡೆಯುತ್ತಾರೆ ಎಂಬುದೇ ಜೇನಿನ ಹಣೆಬರಹವನ್ನು ನಿರ್ಧರಿಸುತ್ತದೆ.

ಕಬ್ಬು ಹುಲ್ಲಿನ ಕುಟುಂಬಕ್ಕೆ ಸೇರಿದ ಬೆಳೆ. ಸೂಲಂಗಿ ಬಂದರೂ ಅದರಲ್ಲಿ ಮಕರಂದವಿರುವುದಿಲ್ಲ. ಸೂಲಂಗಿ ಬರುವವರೆಗೆ ಕಬ್ಬನ್ನು ಬಿಡಬೇಕೆಂದು ಬಯಸುವ ರೈತರೂ ಇಲ್ಲ. ಭತ್ತದಿಂದ ಒಂದಿಷ್ಟು ಪರಾಗ ಸಿಕ್ಕೀತು, ಅಷ್ಟೆ. ಹೀಗಾಗಿ ನಾಲಾ ಬಯಲು ಕಣ್ಣಿಗೆ ಎಷ್ಟೇ ಹಸಿರಾಗಿ ಕಂಡರೂ ನೊಣದ ಪಾಲಿಗೆ ಅದರ ಬಹುಭಾಗ ಬರಡು ನೆಲವೇ. ಅಲ್ಲಿ ಜೇನನ್ನು ಸಾಕುವುದು ತೆಂಗಿನ ಮರ, ರಸ್ತೆ ಬದಿಯ ಹೊಂಗೆ, ಊರ ಮುಂದಿನ ಬೇವು, ಹುಣಸೆ, ನೇರಳೆ, ಹಿತ್ತಿಲಿನ ನುಗ್ಗೆ, ಬಾಳೆ, ಮತ್ತು ಯಾರೂ ಲೆಕ್ಕಕ್ಕೆ ಇಡದ ಬದುವಿನ ಕಳೆ ಹೂಗಳು. ಇವುಗಳಲ್ಲಿ ತೆಂಗಿಗೆ ಮೊದಲ ಸ್ಥಾನ. ಚೆನ್ನಾಗಿ ನೀರುಂಡ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುವುದರಿಂದ ವರ್ಷವಿಡೀ ಪರಾಗವೂ ಮಕರಂದವೂ ಸ್ವಲ್ಪ ಸ್ವಲ್ಪವಾಗಿ ದೊರೆಯುತ್ತಲೇ ಇರುತ್ತವೆ. ಆದರೆ ತೆಂಗು ಜೇನು ಕುಟುಂಬವನ್ನು ಬದುಕಿಸುತ್ತದೆಯೇ ಹೊರತು, ನಾವು ತುಪ್ಪ ತೆಗೆಯುವ ಪೆಟ್ಟಿಗೆಯ ಮೇಲಿನ ಭಾಗವಾದ ಜೇನು ಕೋಣೆಯನ್ನು ತುಂಬಿಸುವುದು ಅಪರೂಪ. ತುಂಬಿಸಬೇಕಾದರೆ ಒಮ್ಮೆಗೇ ಸಾಕಷ್ಟು ಹೂ ಬಿಡುವ ಮರಗಳು ಇಲ್ಲವೇ ಬೆಳೆಗಳು ಬೇಕು.

ನಮ್ಮ ಕಡೆಯ ಹೂವಿನ ಲೆಕ್ಕ ಸ್ಥೂಲವಾಗಿ ಹೀಗಿದೆ. ದಸರೆಯಿಂದ ದೀಪಾವಳಿಯವರೆಗೆ ಬೆದ್ದಲಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕಿದ ಹುಚ್ಚೆಳ್ಳು ಹೂ ಬಿಡುತ್ತದೆ. ಅದರ ಬೆನ್ನಿಗೆ ಅವರೆ, ತೊಗರಿ ಬರುತ್ತವೆ. ಈ ಅವಧಿಯಲ್ಲಿ ಕುಟುಂಬ ಬೆಳೆದು ಬಲಗೊಳ್ಳುತ್ತದೆ. ಸಂಕ್ರಾಂತಿಯ ನಂತರ ಮಾವು, ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು, ನೇರಳೆ, ಅವುಗಳ ಹಿಂದೆಯೇ ಹುಣಸೆ. ಜೇನು ತೆಗೆಯುವ ಮುಖ್ಯ ಕಾಲ ಇದೇ. ಆಷಾಢದ ಗಾಳಿ ಮಳೆ ಶುರುವಾದ ಮೇಲೆ ಶ್ರಾವಣ, ಭಾದ್ರಪದದವರೆಗೆ ಬರಗಾಲ. ಕುಟುಂಬ ಕ್ಷೀಣಿಸುವುದೂ ಗೂಡು ಬಿಟ್ಟು ಹೋಗುವುದೂ ಹೆಚ್ಚಾಗಿ ಆಗಲೇ. ತಾವು ಒಂದು ನೋಟ್‌ಬುಕ್ ಇಟ್ಟುಕೊಂಡು ತಮ್ಮ ಊರಿಗೆ ಅನ್ವಯಿಸುವಂತೆ ಈ ಪಟ್ಟಿಯನ್ನು ತಿಂಗಳುವಾರು ಬರೆದುಕೊಳ್ಳಬೇಕು. ಎರಡು ತಿಂಗಳು ಮೀರಿ ಖಾಲಿ ಉಳಿಯುವ ಜಾಗ ಕಂಡರೆ ಪೆಟ್ಟಿಗೆ ಕೊಳ್ಳುವ ಮೊದಲು ಆ ಜಾಗವನ್ನು ತುಂಬುವ ಗಿಡ ನೆಡುವುದು ಒಳಿತು. ಬೇಲಿಗೆ ಆಂಟಿಗೋನನ್ ಬಳ್ಳಿ, ಹಿತ್ತಿಲಿಗೆ ತುಳಸಿ, ತರಕಾರಿ ಮಡಿಯಲ್ಲಿ ಬೀಜಕ್ಕೆ ಬಿಟ್ಟ ಕೊತ್ತಂಬರಿ ಮತ್ತು ಮೂಲಂಗಿ, ಇವೆಲ್ಲ ಖರ್ಚಿಲ್ಲದ ಮೇವು.

ಮಂಡ್ಯದಲ್ಲಿ ಬೇರೆ ಕಡೆ ಅಷ್ಟಾಗಿ ಇಲ್ಲದ ಒಂದು ತೊಡಕೂ ಇದೆ, ಅದು ಆಲೆಮನೆ. ಹೂವಿನ ಕೊರತೆ ಇರುವಾಗ ನೊಣಗಳು ಗಾಣದ ಬುಡದಲ್ಲಿ ಸುರಿದ ಕಬ್ಬಿನ ಹಾಲಿಗೆ, ಕೊಪ್ಪರಿಗೆಯ ಅಂಚಿಗೆ, ಬೆಲ್ಲ ಹೊಯ್ಯುವ ಅಚ್ಚಿಗೆ ಮುತ್ತಿಕೊಳ್ಳುತ್ತವೆ. ಕುದಿಯುವ ಹಾಲಿನ ಮೇಲೆ ಬರುವ ಮಡ್ಡಿಯನ್ನು ಜಾಲರಿಯಿಂದ ತೆಗೆಯುವಾಗ ಅದರ ಜೊತೆಗೇ ಸತ್ತ ನೊಣಗಳು ಹಿಡಿಗಟ್ಟಲೆ ಬರುವುದನ್ನು ಯಾವ ಆಲೆಮನೆಯಲ್ಲಿಯೂ ನೋಡಬಹುದು. ನೊಣ ಸಾಯುವುದು ಒಂದು ನಷ್ಟವಾದರೆ, ಬದುಕಿ ಮರಳಿದ ನೊಣ ತಂದ ಕಬ್ಬಿನ ಹಾಲು ಎರಿಯ, ಅಂದರೆ ಗೂಡಿನ ಮೇಣದ ಹಲ್ಲೆಯ, ಕಣದೊಳಗೆ ಸೇರುವುದು ಇನ್ನೊಂದು. ಅದು ಜೇನುತುಪ್ಪವಲ್ಲ. ಕಬ್ಬು, ಜೋಳದಂತಹ ಸಸ್ಯಗಳ ಸಕ್ಕರೆಯನ್ನು ಪ್ರಯೋಗಾಲಯದಲ್ಲಿ ಸಿ4 ಸಕ್ಕರೆ ಎಂದು ಗುರುತಿಸುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನಕದಂತೆ ಜೇನಿನಲ್ಲಿ ಅದು ಶೇ 7ನ್ನು ಮೀರುವಂತಿಲ್ಲ. ತಾವು ಒಂದು ಚಮಚ ಸಕ್ಕರೆಯನ್ನೂ ಬೆರೆಸದೆ ಇದ್ದಾಗಲೂ, ಆಲೆಮನೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟ ಕಾರಣಕ್ಕೇ ತಮ್ಮ ಜೇನು ಕಲಬೆರಕೆ ಎನಿಸಿಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಆಲೆಮನೆಯಿಂದ ಕನಿಷ್ಠ ಒಂದೂವರೆ, ಎರಡು ಕಿಲೋಮೀಟರ್ ದೂರದ ಜಾಗವನ್ನು ಆರಿಸಿಕೊಳ್ಳಿ. ಅದು ಸಾಧ್ಯವಿಲ್ಲವಾದರೆ ಆಲೆ ಆಡುವ ತಿಂಗಳುಗಳಲ್ಲಿ ಜೇನು ತೆಗೆಯಬೇಡಿ.

ಇನ್ನು ತಳಿಯ ವಿಷಯ. ಮೆಲ್ಲಿಫೆರಾ 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಯುರೋಪಿನ ನೊಣ. ಸಾಸಿವೆ, ಸೂರ್ಯಕಾಂತಿ, ರಬ್ಬರ್ ಎಂದು ಹೂವಿನ ಬೆನ್ನು ಹತ್ತಿ ಲಾರಿಯಲ್ಲಿ ಊರೂರು ಸಾಗಿಸುವವರಿಗೆ ಅದು ಮೂವತ್ತು ಕಿಲೋ ಕೊಡುವುದು ಸುಳ್ಳಲ್ಲ. ಒಂದೇ ಕಡೆ ಇಟ್ಟವರಿಗೆ, ಅದರಲ್ಲೂ ಕಬ್ಬಿನ ಬಯಲಿನಲ್ಲಿ, ಆ ‘ಗ್ಯಾರಂಟಿ’ ಮಾರುವವರ ಬಾಯಲ್ಲಷ್ಟೇ ಉಳಿಯುತ್ತದೆ. ಜೊತೆಗೆ ಅದಕ್ಕೆ ವರೋವಾ ಎಂಬ ನುಸಿಯ ಕಾಟವಿದೆ. ಈ ನುಸಿ ಮೂಲತಃ ತುಡುವೆಯ ಮೇಲೆಯೇ ಬದುಕುತ್ತಿದ್ದ ಜೀವಿ. ತುಡುವೆ ನೊಣಗಳು ಪರಸ್ಪರ ಮೈ ಉಜ್ಜಿ ನುಸಿಯನ್ನು ಕಿತ್ತು ಹಾಕುತ್ತವೆ. ಅವುಗಳ ಗೂಡಿನಲ್ಲಿ ನುಸಿಯ ಸಂತಾನ ಬಹುಮಟ್ಟಿಗೆ ಗಂಡು ನೊಣದ ಮರಿಗಳ ಕಣಗಳಿಗೆ ಮಾತ್ರ ಸೀಮಿತವಾಗಿರುತ್ತದೆ. ಮೆಲ್ಲಿಫೆರಾದಲ್ಲಿ ಅದು ಕೆಲಸಗಾರ ನೊಣಗಳ ಮರಿಗಳನ್ನೂ ಬಿಡುವುದಿಲ್ಲವಾದ್ದರಿಂದ ಸಾಕುವವರು ಔಷಧಿ ಪಟ್ಟಿಯನ್ನೋ ಫಾರ್ಮಿಕ್ ಆಮ್ಲವನ್ನೋ ಪೆಟ್ಟಿಗೆಯೊಳಗೆ ಇಡಬೇಕಾಗುತ್ತದೆ. ಔಷಧಿಯಿಲ್ಲದೆ ನಡೆಸುವುದೇ ತಮ್ಮ ಉದ್ದೇಶವಾಗಿದ್ದರೆ ತುಡುವೆಯನ್ನು ಬಿಟ್ಟು ಬೇರೆ ಯೋಚನೆಯೇ ಬೇಡ.

ತುಡುವೆಯ ಇಳುವರಿ ಕಡಿಮೆ. ಮೇವು ಚೆನ್ನಾಗಿರುವ ಕಡೆ ಒಂದು ಕುಟುಂಬದಿಂದ ವರ್ಷಕ್ಕೆ ಐದರಿಂದ ಎಂಟು ಕಿಲೋ ಸಿಕ್ಕರೆ ತೃಪ್ತಿಪಡಬೇಕು. ಮೊದಲ ವರ್ಷ ಏನೂ ಸಿಗದಿರಲೂಬಹುದು. ಆದ್ದರಿಂದ ಇಪ್ಪತ್ತರ ಬದಲು ಎರಡು ಅಥವಾ ಮೂರು ಪೆಟ್ಟಿಗೆಗಳಿಂದ ಆರಂಭಿಸಿ. ಒಂದೇ ಪೆಟ್ಟಿಗೆ ಬೇಡ, ಏಕೆಂದರೆ ರಾಣಿ ಸತ್ತಾಗ ಅಥವಾ ಕುಟುಂಬ ಸೊರಗಿದಾಗ ಇನ್ನೊಂದರಿಂದ ಮರಿಗಳಿರುವ ಎರಿಯೊಂದನ್ನು ಎರವಲು ಕೊಟ್ಟು ಉಳಿಸಿಕೊಳ್ಳಬಹುದು. ಒಂದು ವರ್ಷ ನಾಲ್ಕೂ ಕಾಲವನ್ನು ನೋಡಿದ ಮೇಲೆ, ಕಾರ್ತಿಕ ಮಾರ್ಗಶಿರದಲ್ಲಿ ಬಲವಾದ ಕುಟುಂಬಗಳನ್ನು ಪಾಲು ಮಾಡಿಕೊಂಡು ಹೆಚ್ಚಿಸುತ್ತ ಹೋದರೆ ಪೆಟ್ಟಿಗೆಯ ಮರಕ್ಕಷ್ಟೇ ಖರ್ಚು. ನೊಣಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪೆಟ್ಟಿಗೆಯನ್ನು ತೆಂಗಿನ ನೆರಳಿನಲ್ಲಿ, ಬಾಗಿಲು ಪೂರ್ವಕ್ಕೆ ಬರುವಂತೆ, ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ಇಡಿ. ಕಾಲುಗಳ ಕೆಳಗೆ ನೀರಿನ ಬಟ್ಟಲು ಇದ್ದರೆ ಇರುವೆ ಹತ್ತುವುದಿಲ್ಲ. ತೆಂಗಿನ ಗರಿ, ಕಾಯಿ ಬೀಳುವ ನೇರಕ್ಕೆ ಇಡಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಹಾಗೆ ಇಟ್ಟ ಪೆಟ್ಟಿಗೆಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಪ್ರಶ್ನೆ: ನಮ್ಮದು ಒಂದೂವರೆ ಎಕರೆ, ಪೂರ್ತಿ ಸಹಜ ಕೃಷಿ. ಆದರೆ ಒಂದು ಪಕ್ಕ ಹೊಗೆಸೊಪ್ಪು, ಇನ್ನೊಂದು ಪಕ್ಕ ಗುತ್ತಿಗೆಯವರ ಶುಂಠಿ. ಎರಡಕ್ಕೂ ಎಡೆಬಿಡದೆ ಔಷಧಿ ಹೊಡೆಯುತ್ತಾರೆ. ಇಲ್ಲಿ ಜೇನು ಸಾಕಿ ಅದನ್ನು ‘ರಾಸಾಯನಿಕ ಮುಕ್ತ’ ಎನ್ನಬಹುದೇ?
— ರೈತ ಮಹಿಳೆ, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ‘ಪೆಟ್ಟಿಗೆಯೊಳಗೆ ಯಾವ ರಾಸಾಯನಿಕವನ್ನೂ ಬಳಸಿಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ‘ಜೇನಿನಲ್ಲಿ ಯಾವ ರಾಸಾಯನಿಕವೂ ಇಲ್ಲ’ ಎಂದು ಪರೀಕ್ಷೆ ಮಾಡಿಸದೆ ಹೇಳುವಂತಿಲ್ಲ. ಮಾರುವವರಲ್ಲಿ ಹೆಚ್ಚಿನವರು ಈ ವ್ಯತ್ಯಾಸವನ್ನು ಮರೆಮಾಚುತ್ತಾರೆ. ತಾವು ಅದನ್ನು ಕೇಳಿಕೊಂಡಿರುವುದು ಮೆಚ್ಚತಕ್ಕ ವಿಷಯ. ಯುರೋಪಿನಲ್ಲಿ ಸಾವಯವ ಜೇನಿಗೆ ದೃಢೀಕರಣ ಕೊಡುವಾಗ ಗೂಡಿನ ಸುತ್ತ ಮೂರು ಕಿಲೋಮೀಟರ್ ವ್ಯಾಪ್ತಿಯ ಮೇವನ್ನು ಪರಿಗಣಿಸುತ್ತಾರೆ. ಆ ಅಳತೆಗೋಲನ್ನು ಇಲ್ಲಿಗೆ ತಂದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲಿ ನಿಲ್ಲುವ ಜಮೀನುಗಳು ಕೆಲವೇ.

ಆದರೂ ಎರಡು ಸಂಗತಿಗಳು ತಮ್ಮ ಪರವಾಗಿವೆ. ಹೊಗೆಸೊಪ್ಪಿನಲ್ಲಿ ಹೂ ಬರುವ ಹೊತ್ತಿಗೆ ಕುಡಿ ಮುರಿಯುವುದರಿಂದ ನೊಣಗಳಿಗೆ ಆ ಹೊಲದೊಳಗೆ ಹೋಗಲು ಕಾರಣವೇ ಕಡಿಮೆ. ಶುಂಠಿಯಲ್ಲಿಯೂ ಹೂವಿನ ಆಕರ್ಷಣೆ ಇಲ್ಲವೆನ್ನುವಷ್ಟು. ಅಪಾಯ ಬರುವುದು ಆ ಹೊಲಗಳ ನಡುವೆ ಹೂ ಬಿಟ್ಟ ಕಳೆಯ ಮೇಲೆ ಬೀಳುವ ಔಷಧಿಯಿಂದ, ಗಾಳಿಯಲ್ಲಿ ತೇಲಿ ಬರುವ ತುಂತುರಿನಿಂದ, ಮತ್ತು ಔಷಧಿ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀರಿನಿಂದ. ಬೇಸಿಗೆಯಲ್ಲಿ ನೊಣಗಳು ನೀರಿಗಾಗಿ ಅಲ್ಲಿಗೇ ಹೋಗುತ್ತವೆ. ಆದ್ದರಿಂದ ಪೆಟ್ಟಿಗೆಯ ಹತ್ತಿರವೇ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ನೊಣ ಮುಳುಗದಂತೆ ಕಲ್ಲಿನ ಹರಳುಗಳನ್ನು ಹಾಕಿ, ಒಂದು ದಿನವೂ ಒಣಗದಂತೆ ನೋಡಿಕೊಳ್ಳಿ.

ನೆರೆಯವರೊಂದಿಗೆ ಮಾತನಾಡುವುದು ತಪ್ಪಿದ್ದಲ್ಲ. ಔಷಧಿ ಹೊಡೆಯಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಹೊಡೆಯುವ ಬದಲು ಸೂರ್ಯ ಇಳಿದ ಮೇಲೆ ಹೊಡೆಯಿರಿ, ಹಿಂದಿನ ದಿನ ಒಂದು ಫೋನ್ ಮಾಡಿ ತಿಳಿಸಿ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಸಂಜೆ ನೊಣಗಳು ಗೂಡು ಸೇರಿರುತ್ತವೆ. ಬೆಳಗಾಗುವಷ್ಟರಲ್ಲಿ ಎಲೆಯ ಮೇಲಿನ ದ್ರಾವಣ ಒಣಗಿ ತೀವ್ರತೆ ಕಡಿಮೆಯಾಗಿರುತ್ತದೆ. ಇಮಿಡಾಕ್ಲೋಪ್ರಿಡ್‌ನಂತಹ, ಗಿಡದ ರಸದೊಳಗೇ ಸೇರುವ ಔಷಧಿಗಳ ವಿಷಯದಲ್ಲಿ ಮಾತ್ರ ಈ ಉಪಾಯ ಪೂರ್ತಿ ನಡೆಯದು, ಅವು ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತವೆ.

ವಿಷ ತಗುಲಿದ್ದನ್ನು ಗುರುತಿಸುವುದನ್ನು ಕಲಿತುಕೊಳ್ಳಿ. ಬೆಳಿಗ್ಗೆ ಬಾಗಿಲ ಮುಂದೆ ನೂರಾರು ನೊಣಗಳು ಬಿದ್ದಿದ್ದು, ಕೆಲವು ಇನ್ನೂ ಬೆನ್ನ ಮೇಲೆ ಉರುಳಿ ಬುಗುರಿ ತಿರುಗುತ್ತ ನಡುಗುತ್ತಿದ್ದು, ಸತ್ತವುಗಳ ನಾಲಿಗೆ ಪೂರ್ತಿ ಹೊರಚಾಚಿಕೊಂಡಿದ್ದರೆ ಅದು ರೋಗವಲ್ಲ, ಕೀಟನಾಶಕ. ಆ ವಾರದಲ್ಲಿ ಸಂಗ್ರಹವಾದ ಜೇನನ್ನು ತೆಗೆಯದೆ ಕುಟುಂಬಕ್ಕೇ ಬಿಡುವುದು ಪ್ರಾಮಾಣಿಕತೆ.

ಒಂದು ಸಲಹೆ. ತಮ್ಮ ಪರಿಚಯದವರಲ್ಲಿ ರೇಷ್ಮೆ ಬೆಳೆಯುವವರಿದ್ದರೆ ಪೆಟ್ಟಿಗೆಗಳನ್ನು ಅವರ ಹಿಪ್ಪುನೇರಳೆ ತೋಟದ ಬದಿಗೆ ಇಡಲು ಕೇಳಿ. ಹಿಪ್ಪುನೇರಳೆಯಿಂದ ಮಕರಂದ ಸಿಗುವುದಿಲ್ಲ, ನಿಜ. ಆದರೆ ಹುಳು ಸಾಯುವ ಭಯದಿಂದ ರೇಷ್ಮೆ ಬೆಳೆಗಾರರು ಔಷಧಿಯ ವಿಷಯದಲ್ಲಿ ಬಹಳ ಎಚ್ಚರವಾಗಿರುತ್ತಾರೆ, ಅಕ್ಕಪಕ್ಕದವರು ಹೊಡೆದರೆ ಜಗಳಕ್ಕೂ ನಿಲ್ಲುತ್ತಾರೆ. ಅವರ ಕಾವಲು ತಮ್ಮ ನೊಣಗಳಿಗೂ ಪುಕ್ಕಟೆಯಾಗಿ ದೊರೆಯುತ್ತದೆ.

ಪ್ರಶ್ನೆ: ಮೂರು ವರ್ಷಗಳಿಂದ ತುಡುವೆ ಸಾಕುತ್ತಿದ್ದೇನೆ. ಪ್ರತಿ ಮಳೆಗಾಲದಲ್ಲೂ ಎರಿಯೊಳಗೆ ಬಲೆ ಕಟ್ಟುವ ಹುಳು ಬಂದು, ಕೊನೆಗೆ ನೊಣಗಳೆಲ್ಲ ಗೂಡು ಬಿಟ್ಟು ಹೋಗುತ್ತವೆ. ಪರಿಚಿತರೊಬ್ಬರು ಪೆಟ್ಟಿಗೆಯೊಳಗೆ ನುಸಿಗುಳಿಗೆ ಇಡಲು ಹೇಳಿದ್ದಾರೆ. ಇಡಬಹುದೇ? ಮರಿಗಳು ನೀರು ತುಂಬಿ ಸಾಯುವ ರೋಗಕ್ಕೂ ಔಷಧಿ ತಿಳಿಸಿ.
— ಜೇನು ಕೃಷಿಕರು, ನಾಗಮಂಗಲ ತಾಲ್ಲೂಕು

ಉತ್ತರ: ನುಸಿಗುಳಿಗೆಯನ್ನು ದಯವಿಟ್ಟು ಇಡಬೇಡಿ. ನ್ಯಾಫ್ತಲೀನ್ ಆವಿ ಮೇಣದಲ್ಲಿ ಹೀರಿಕೊಂಡು ಅಲ್ಲೇ ಉಳಿಯುತ್ತದೆ, ಅಲ್ಲಿಂದ ಜೇನಿಗೆ ಇಳಿಯುತ್ತದೆ; ಒಮ್ಮೆ ವಾಸನೆ ಹಿಡಿದ ಎರಿಯನ್ನು ಎಸೆಯುವುದೊಂದೇ ದಾರಿ.

ತಾವು ಹೇಳಿರುವುದು ಮೇಣದ ಪತಂಗದ ಹುಳು. ಅದು ಕುಟುಂಬವನ್ನು ಕೆಡಿಸಿತು ಎನ್ನುವುದಕ್ಕಿಂತ, ಕುಟುಂಬ ಸೊರಗಿದ ಮೇಲೆ ಅದು ಬಂತು ಎನ್ನುವುದು ಹೆಚ್ಚು ಸರಿ. ಪತಂಗ ರಾತ್ರಿ ಹೊತ್ತು ಪೆಟ್ಟಿಗೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಹುಳು ಮೊದಲು ಅಡಿಮಣೆಯ ಮೇಲೆ ಬಿದ್ದ ಮೇಣದ ಪುಡಿಯನ್ನು ತಿಂದು ಬೆಳೆದು, ಆಮೇಲೆ ಎರಿಗೆ ಹತ್ತುತ್ತದೆ. ವಾರಕ್ಕೊಮ್ಮೆ ಅಡಿಮಣೆಯನ್ನು ಎಳೆದು ನೋಡಿ: ಕಂದು ಬಣ್ಣದ ಮೇಣದ ಪುಡಿಯ ನಡುವೆ ಕಸಕಸೆಯಷ್ಟು ಸಣ್ಣ ಕಪ್ಪು ಹಿಕ್ಕೆಗಳು ಕಂಡರೆ ಹುಳು ಆಗಲೇ ಒಳಗಿದೆ ಎಂದರ್ಥ. ಎರಿಯನ್ನು ಬೆಳಕಿಗೆ ಹಿಡಿದರೆ ಕಣಗಳ ಬುಡದಲ್ಲಿ ಬಿಳಿಯ ನೂಲಿನ ಸುರಂಗ ಕಾಣುತ್ತದೆ. ಅದನ್ನು ಚಾಕುವಿನ ತುದಿಯಿಂದ ಬಿಡಿಸಿದರೆ ಬೂದು ಬಿಳುಪಿನ ಹುಳು ಚುರುಕಾಗಿ ಹಿಂದಕ್ಕೆ ಸರಿಯುತ್ತದೆ. ಆ ಮಟ್ಟಕ್ಕೆ ಹೋದ ಎರಿಯನ್ನು ಕತ್ತರಿಸಿ ಅಂದೇ ಕರಗಿಸಿಬಿಡಿ, ಪೆಟ್ಟಿಗೆಯ ಪಕ್ಕದಲ್ಲಿ ಬಿಸಾಡಬೇಡಿ.

ತಡೆಯುವ ಕೆಲಸ ಮಳೆಗೆ ಮುಂಚೆ ಆಗಬೇಕು. ಹುಣಸೆ ಹೂ ಮುಗಿಯುತ್ತಿದ್ದಂತೆ ಜೇನು ಕೋಣೆಯನ್ನು ತೆಗೆದು, ನೊಣಗಳು ಮುಚ್ಚಲಾಗದ ಹಳೆಯ ಕಪ್ಪು ಎರಿಗಳನ್ನೂ ಮರಿಗಳಿರುವ ಸಂಸಾರ ಕೋಣೆಯಿಂದ ತೆಗೆದು, ಕುಟುಂಬ ಎಷ್ಟು ಎರಿಯನ್ನು ಮೈತುಂಬ ಮುಚ್ಚಬಲ್ಲದೋ ಅಷ್ಟನ್ನೇ ಬಿಡಿ. ಬಾಗಿಲನ್ನು ಚಿಕ್ಕದು ಮಾಡಿ, ಬಿರುಕುಗಳಿಗೆ ಸಗಣಿ ಮತ್ತು ಜೇಡಿಮಣ್ಣು ಮೆತ್ತಿ. ತೆಗೆದಿಟ್ಟ ಒಳ್ಳೆಯ ಎರಿಗಳನ್ನು ಒಂದೆರಡು ದಿನ ಫ್ರೀಜರ್‌ನಲ್ಲಿಟ್ಟು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಗಂಧಕದ ಹೊಗೆಯಿಂದ ಹುಳು ಸತ್ತರೂ ಮೊಟ್ಟೆ ಉಳಿಯುತ್ತದೆ.

ಗೂಡು ಬಿಟ್ಟು ಹೋಗುವುದು ತುಡುವೆಯ ಹುಟ್ಟುಗುಣ. ಹಸಿವು, ಇರುವೆ, ಪತಂಗ, ನೇರ ಬಿಸಿಲು, ಪದೇ ಪದೇ ಮುಚ್ಚಳ ತೆರೆಯುವುದು, ಇವುಗಳಲ್ಲಿ ಎರಡು ಕೂಡಿದರೆ ಅದು ನಿಲ್ಲುವುದಿಲ್ಲ. ಬಾಗಿಲಿಗೆ ರಾಣಿ ತಡೆ ಹಾಕಿ ಹಿಡಿದಿಡುವುದು ಹೊಸದಾಗಿ ತಂದ ಕುಟುಂಬಕ್ಕೆ ಒಂದೆರಡು ವಾರದ ಮಟ್ಟಿಗೆ ಸರಿ. ಹಸಿದ ಕುಟುಂಬವನ್ನು ಅದರಿಂದ ಕಟ್ಟಿಹಾಕುವುದು ಕ್ರೌರ್ಯ. ತಾವು ಕಳೆದ ಬೇಸಿಗೆಯಲ್ಲಿ ಎಷ್ಟು ಜೇನು ತೆಗೆದಿರಿ ಎಂದು ಬರೆದಿಲ್ಲ. ಸಂಸಾರ ಕೋಣೆಯ ಎರಿಗಳ ಮೇಲ್ಭಾಗದಲ್ಲಿರುವ ಜೇನನ್ನೂ ತೆಗೆಯುತ್ತಿದ್ದರೆ ಪ್ರತಿ ಮಳೆಗಾಲ ನೊಣ ಹೋಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮರಿಗಳು ಚೀಲದೊಳಗೆ ನೀರು ತುಂಬಿದಂತಾಗಿ ಸಾಯುವುದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991–92ರ ಹೊತ್ತಿಗೆ ದಕ್ಷಿಣ ಭಾರತದಲ್ಲಿ ಹರಡಿ, ಕೊಡಗು, ದಕ್ಷಿಣ ಕನ್ನಡಗಳ ಸಹಿತ ಎಲ್ಲ ಕಡೆ ತುಡುವೆ ಕುಟುಂಬಗಳ ಬಹುಪಾಲನ್ನು ಅದು ಅಳಿಸಿಹಾಕಿತು. ಅದಕ್ಕೆ ಅಂದೂ ಔಷಧಿ ಇರಲಿಲ್ಲ, ಇಂದೂ ಇಲ್ಲ. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಹಾಕಿದವರ ಜೇನಿನಲ್ಲಿ ಅದರ ಉಳಿಕೆ ಸಿಗುತ್ತದೆ, ಅಷ್ಟೇ ಲಾಭ. ರೋಗ ಕಂಡ ಪೆಟ್ಟಿಗೆಯ ಎರಿಯನ್ನು, ಉಪಕರಣವನ್ನು ಬೇರೆ ಪೆಟ್ಟಿಗೆಗೆ ಬಳಸಬೇಡಿ. ರಾಣಿಯನ್ನು ತೆಗೆದು ಕೆಲವು ವಾರ ಹೊಸ ಮರಿಗಳಿಲ್ಲದಂತೆ ಮಾಡಿದರೆ ರೋಗದ ಸರಪಳಿ ತುಂಡಾಗಿ ಕೆಲವು ಕುಟುಂಬಗಳು ಚೇತರಿಸಿಕೊಳ್ಳುತ್ತವೆ. ಮುಂದೆ ಪಾಲು ಮಾಡುವಾಗ ಹಾಗೆ ತಾನಾಗಿ ಉಳಿದ ಕುಟುಂಬಗಳಿಂದಲೇ ಮಾಡಿ. ಇಂದು ನಮ್ಮ ಹಳ್ಳಿಗಳ ಹುತ್ತ, ಮರದ ಪೊಟರೆಗಳಲ್ಲಿ ಕಾಣುವ ತುಡುವೆ ಆ ರೋಗವನ್ನು ದಾಟಿ ಬಂದ ಸಂತತಿಯೇ.

ಪ್ರಶ್ನೆ: ಮೈಸೂರಿನ ಸರಸ್ವತೀಪುರಂನಲ್ಲಿ ಮಹಡಿ ಮನೆ. ತಾರಸಿಯ ಮೇಲೆ ಜೇನು ಸಾಕಬಹುದೇ? ಅಕ್ಕಪಕ್ಕ ಮಕ್ಕಳಿದ್ದಾರೆ.
— ಗೃಹಿಣಿ, ಮೈಸೂರು

ಉತ್ತರ: ಕುಟುಕದ ಮುಜಂಟಿ ಜೇನನ್ನು ಸಾಕಿ. ಗೋಡೆಯ ಸಂದಿ, ವಿದ್ಯುತ್ ಮೀಟರಿನ ಪೆಟ್ಟಿಗೆಗಳಲ್ಲಿ ಅಂಟಿನ ಸಣ್ಣ ಕೊಳವೆಯಂತಹ ಬಾಗಿಲು ಕಟ್ಟಿಕೊಂಡು ಇರುವ ಪುಟ್ಟ ಕಪ್ಪು ನೊಣ ಇದೇ. ಜೇನು ವರ್ಷಕ್ಕೆ ಕೆಲವು ನೂರು ಗ್ರಾಂ ಮಾತ್ರ; ಉದ್ಯೋಗವಾಗದು, ಆದರೆ ತಾರಸಿ ತೋಟದ ಕಾಯಿ ಕಚ್ಚುವಿಕೆಗೆ ಒಳ್ಳೆಯ ಸಹಾಯ. ತುಡುವೆಯೇ ಬೇಕೆಂದರೆ ಒಂದು ಪೆಟ್ಟಿಗೆಯನ್ನು, ಹಾರುವ ದಾರಿ ನೆರೆಯವರ ಬಾಲ್ಕನಿಗೆ ಎದುರಾಗದಂತೆ ಇಡಬಹುದು; ಸಂಜೆ ತಾರಸಿಯ ದೀಪ ಆರಿಸಿರಬೇಕು, ದೀಪಕ್ಕೆ ಬಂದ ನೊಣಗಳೇ ಜಗಳಕ್ಕೆ ಮೂಲ. ಮನೆಯಲ್ಲಿ ಅಥವಾ ನೆರೆಯಲ್ಲಿ ಯಾರಿಗಾದರೂ ಕುಟುಕಿದಾಗ ಉಸಿರು ಕಟ್ಟುವ, ಮೈಯೆಲ್ಲ ದದ್ದು ಏಳುವ ಅಲರ್ಜಿ ಇದ್ದರೆ ತುಡು­ವೆಯ ವಿಚಾರವನ್ನು ಕೈಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟರೆ ಅದು ನೈಸರ್ಗಿಕ ಸಾಕಾಣಿಕೆ ಆಗುತ್ತದೆಯೇ? ಈ ವರ್ಷ ತೆಗೆದ ಜೇನು ಬಾಟಲಿಯಲ್ಲಿ ನೊರೆ ಬಂದು ಹುಳಿಯಾಯಿತು. ಕೊಂಡವರು ‘ನೀರಿಗೆ ಹಾಕಿ ನೋಡಿದೆವು, ಕರಗಿತು, ಇದು ನಕಲಿ’ ಎಂದು ಹಿಂದಿರುಗಿಸಿದರು.
— ನಿವೃತ್ತ ಶಿಕ್ಷಕರು, ಎಚ್.ಡಿ. ಕೋಟೆ

ಉತ್ತರ: ತಮ್ಮ ಜೇನು ನಕಲಿಯಲ್ಲ, ಹಸಿ. ನೊಣಗಳು ತಂದ ಮಕರಂದದ ನೀರನ್ನು ರೆಕ್ಕೆ ಬೀಸಿ ಆರಿಸಿ, ಸಾಕಷ್ಟು ಗಟ್ಟಿಯಾದ ಮೇಲೆಯೇ ಕಣಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳುವ ಮೊದಲೇ ತೆಗೆದರೆ ನೀರಿನಂಶ ಹೆಚ್ಚಿದ್ದು, ಸಹಜವಾಗಿಯೇ ಇರುವ ಯೀಸ್ಟ್ ಅದನ್ನು ಹುಳಿಸುತ್ತದೆ. ಮಾನಕದಂತೆ ನೀರಿನಂಶ ಶೇ 20ನ್ನು ಮೀರಬಾರದು. ನಮ್ಮ ತುಡುವೆ ಜೇನು ಮೋಡದ ದಿನಗಳಲ್ಲಿ ಈ ಗಡಿಯನ್ನು ಸುಲಭವಾಗಿ ದಾಟುತ್ತದೆ. ಎರಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚಳ ಬಿದ್ದಿದ್ದರೆ ಮಾತ್ರ ತೆಗೆಯಿರಿ, ಮಳೆ ಬಂದ ಮರುದಿನ ತೆಗೆಯಬೇಡಿ. ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದ ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀರಿನಂಶ ಅಂಕಿಯಲ್ಲೇ ಕಾಣುತ್ತದೆ. ಮಾರಾಟ ಮಾಡುವವರು ಪೆಟ್ಟಿಗೆಯ ನಂತರ ಕೊಳ್ಳಬೇಕಾದ ಮೊದಲ ವಸ್ತು ಅದು. ಹಸಿ ಜೇನನ್ನು ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡುವ ಪದ್ಧತಿ ಬೇಡ. ಬಣ್ಣ ಕಪ್ಪಾಗುತ್ತದೆ, ಪರಿಮಳ ಹೋಗುತ್ತದೆ.

ನೀರಿನಲ್ಲಿ ಕರಗುವುದು, ಬತ್ತಿಗೆ ಹಚ್ಚಿದರೆ ಉರಿಯುವುದು, ಇರುವೆ ಮುತ್ತದಿರುವುದು, ನಾಯಿ ಮೂಸದಿರುವುದು, ಇವು ಯಾವುವೂ ಪರೀಕ್ಷೆಗಳಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ, ಸಾಮಾನ್ಯ ಪ್ರಯೋಗಾಲಯ ಪರೀಕ್ಷೆಗಳಿಗೂ ಸಿಗದಂತೆ ತಯಾರಿಸಿದ ಸಕ್ಕರೆ ಪಾಕಗಳು ಮಾರುಕಟ್ಟೆಗೆ ಬಂದಿರುವುದು ಬಯಲಾಗಿತ್ತು. ಪ್ರಯೋಗಾಲಯವನ್ನೇ ತಪ್ಪಿಸುವ ಪಾಕ ನೀರಿನ ಲೋಟಕ್ಕೆ ಸಿಕ್ಕಿಬೀಳುವುದಿಲ್ಲ ಎಂದು ತಮ್ಮ ಗ್ರಾಹಕರಿಗೆ ವಿನಯದಿಂದ ಹೇಳಬಹುದು. ಹರಳುಗಟ್ಟುವುದೂ ಕಲಬೆರಕೆಯ ಗುರುತಲ್ಲ; ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ.

ಸಕ್ಕರೆ ಪಾಕದ ಬಗ್ಗೆ ನೈಸರ್ಗಿಕ ಸಾಕಾಣಿಕೆಯವರಲ್ಲೇ ಒಮ್ಮತವಿಲ್ಲ. ನಮ್ಮ ಅಭಿಪ್ರಾಯ ಹೀಗಿದೆ: ಕುಟುಂಬದ ಮಳೆಗಾಲದ ಪಾಲನ್ನು ಅದಕ್ಕೇ ಬಿಟ್ಟವರಿಗೆ ಪಾಕದ ಅಗತ್ಯ ಬೀಳುವುದು ಕಡಿಮೆ. ಹಾಗಿದ್ದೂ ಹೊಸದಾಗಿ ಪಾಲಾದ ಕುಟುಂಬವೋ, ವಾರಗಟ್ಟಲೆ ಮಳೆ ಹಿಡಿದು ಉಪವಾಸ ಬಿದ್ದ ಕುಟುಂಬವೋ ಇದ್ದರೆ ಸಿದ್ಧಾಂತದ ಹೆಸರಿನಲ್ಲಿ ಅದನ್ನು ಸಾಯಗೊಡಬಾರದು. ಸಮ ಪ್ರಮಾಣದ ಸಕ್ಕರೆ, ನೀರಿನ ಪಾಕವನ್ನು ಸಂಜೆ ಮಾತ್ರ, ಒಂದು ರಾತ್ರಿಯಲ್ಲಿ ಮುಗಿಯುವಷ್ಟೇ, ಪೆಟ್ಟಿಗೆಯೊಳಗೆ ಇಡಿ. ಹೊರಗೆ ಇಟ್ಟರೆ ಬಲವಾದ ಕುಟುಂಬದ ನೊಣಗಳು ಬಂದು ಲೂಟಿ ಮಾಡುತ್ತವೆ. ಜೇನು ಕೋಣೆ ಇರುವಾಗ ಪಾಕ ಕೊಟ್ಟರೆ ಮಾತ್ರ ಅದು ಕಲಬೆರಕೆಯೇ, ಬೆರೆಸಿದ್ದು ನೊಣ ಎಂಬ ಸಮಜಾಯಿಷಿ ನಡೆಯದು.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹನ್ನೆರಡು ಸದಸ್ಯೆಯರು ತಲಾ ಎರಡು ಪೆಟ್ಟಿಗೆ ಇಟ್ಟು, ಜೇನನ್ನು ಒಟ್ಟುಗೂಡಿಸಿ ಮೈಸೂರಿನಲ್ಲಿ ಮಾರಬೇಕೆಂದಿದ್ದೇವೆ. ತರಬೇತಿ ಎಲ್ಲಿ? ಲೇಬಲ್ ಮೇಲೆ ‘ಸಾವಯವ’ ಎಂದು ಹಾಕಬಹುದೇ?
— ಸಂಘದ ಪ್ರತಿನಿಧಿ, ಮಳವಳ್ಳಿ ತಾಲ್ಲೂಕು

ಉತ್ತರ: ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, ಮೈಸೂರು ಜಿಲ್ಲೆಯವರಾದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಇವುಗಳನ್ನು ವಿಚಾರಿಸಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಜೇನು ಕೃಷಿಗೆಂದೇ ವಿಭಾಗವಿದೆ. ಪೆಟ್ಟಿಗೆಗೆ ಸಹಾಯಧನ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯ ಮೂಲಕ ಬರುತ್ತದೆ. ವರ್ಷದ ಆರಂಭದಲ್ಲೇ ಅರ್ಜಿ ಕೊಡಿ, ಅನುದಾನ ಮುಗಿದ ಮೇಲೆ ಅಲೆದು ಪ್ರಯೋಜನವಿಲ್ಲ. ಸಹಾಯಧನದಲ್ಲಿ ಬರುವ ಕುಟುಂಬವನ್ನು ಒಪ್ಪಿಕೊಳ್ಳುವ ಮೊದಲು ಮುಚ್ಚಳ ತೆರೆಸಿ, ರಾಣಿ ಇದೆಯೇ, ಮೊಟ್ಟೆ ಮತ್ತು ಮರಿಗಳಿರುವ ಎರಿ ಎಷ್ಟಿದೆ ಎಂದು ನೋಡಿ. ಖಾಲಿ ಎರಿಯ ಮೇಲೆ ಹಿಡಿ ನೊಣ ಕುಳಿತ ಪೆಟ್ಟಿಗೆಗೂ ತುಂಬಿದ ಪೆಟ್ಟಿಗೆಗೂ ಬೆಲೆ ಒಂದೇ ಆಗಬಾರದು.

ಇಪ್ಪತ್ತನಾಲ್ಕು ಪೆಟ್ಟಿಗೆಗಳು ಒಂದೇ ಊರಿನ ಮೇವಿಗೆ ಹೆಚ್ಚಾಗಬಹುದು. ಸದಸ್ಯೆಯರ ಮನೆಗಳು ಬೇರೆ ಬೇರೆ ಊರುಗಳಲ್ಲಿದ್ದರೆ ಅದೇ ತಮ್ಮ ಬಲ. ಜೇನನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿಯದೆ ಊರುವಾರು, ತೆಗೆದ ತಿಂಗಳುವಾರು ಬೇರೆಯಾಗಿಡಿ. ಒಬ್ಬರ ಹಸಿ ಜೇನು ಉಳಿದ ಹನ್ನೊಂದು ಜನರದ್ದನ್ನೂ ಹುಳಿಸುವುದು ತಪ್ಪುತ್ತದೆ, ಹೊಂಗೆಯ ಕಾಲದ್ದು ಬೇರೆ, ಹುಚ್ಚೆಳ್ಳಿನ ಕಾಲದ್ದು ಬೇರೆ ಎಂದು ಮಾರಲೂ ಬರುತ್ತದೆ. ರುಚಿ ನೋಡಿ ಕೊಳ್ಳುವ ಗ್ರಾಹಕರು ಮೈಸೂರಿನಲ್ಲಿದ್ದಾರೆ.

ಅಂಗಡಿಗಳಿಗೆ ಪ್ಯಾಕ್ ಮಾಡಿ ಕೊಡುವ ಜೇನಿನ ಮೇಲೆ ‘ಸಾವಯವ’ ಎಂದು ಬರೆಯಲು ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಸಾವಯವ ವ್ಯವಸ್ಥೆಗಳಲ್ಲೊಂದರ ದೃಢೀಕರಣ ಬೇಕು. ಸದ್ಯಕ್ಕೆ ಅದನ್ನು ಬಿಟ್ಟು, ‘ತುಡುವೆ ಜೇನು, ಕಾಯಿಸಿಲ್ಲ, ಪೆಟ್ಟಿಗೆಯಲ್ಲಿ ಔಷಧಿ ಬಳಸಿಲ್ಲ’ ಎಂದು ಊರು, ತಿಂಗಳು ಸಹಿತ ಬರೆಯಿರಿ. ಎಷ್ಟೇ ಸಣ್ಣ ವಹಿವಾಟಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಆ ಸಂಖ್ಯೆ, ನಿವ್ವಳ ತೂಕ, ಪ್ಯಾಕ್ ಮಾಡಿದ ದಿನಾಂಕ, ಬ್ಯಾಚ್ ಸಂಖ್ಯೆ, ವಿಳಾಸ ಲೇಬಲ್ಲಿನಲ್ಲಿರಬೇಕು. ಕಾನೂನು ಕೇಳಲಿ ಬಿಡಲಿ, ಇನ್ನೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಸೇರಿಸಿ: ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು. ಶುದ್ಧ ಜೇನಿನಲ್ಲಿಯೂ ಇರಬಹುದಾದ ಬಾಟ್ಯುಲಿಸಮ್ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ಪ್ರಾಣಾಪಾಯ ತರಬಲ್ಲವು. ಬಾಣಂತಿಯ ಮನೆಯವರು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಲೆಂದು ‘ಒಳ್ಳೆಯ ಜೇನು’ ಹುಡುಕಿಕೊಂಡು ಮೊದಲು ಬರುವುದು ತಮ್ಮಂಥವರ ಬಳಿಗೇ. ಅವರಿಗೆ ಈ ವಿಷಯವನ್ನು ಬಾಯಿಬಿಟ್ಟು ತಿಳಿಸಿ, ಬಾಟಲಿಯನ್ನು ಮನೆಯ ದೊಡ್ಡವರ ಬಳಕೆಗೆಂದು ಕೊಡಿ.